ಉಚ್ಚ ಶಿಕ್ಷಣದಲ್ಲಿ ಸಮಾನಾವಕಾಶ

ಪ್ರಥಮ ವರ್ಷದ ಪ್ರವೇಶಪತ್ರವನ್ನು ತುಂಬುವಾಗ ‘ತಂದೆಯ ವಿದ್ಯಾರ್ಹತೆ’ ಎಂಬಲ್ಲಿ ನನ್ನ ಕೈ ತಡೆಯಿತು. ನಮ್ಮ ತಂದೆಯವರು ಮಂಡಿಯಲ್ಲಿ ಮೂಟೆ ಹೊರುವವರು; ಹೆಬ್ಬೆಟ್ಟು ಒತ್ತುವವರು. ಅಲ್ಲಿ ಒಂದು ಅಡ್ಡಗೆರೆ ಎಳೆದು ಮುಂದುವರಿದೆ. ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ಸಮಾನತೆ ಬಂದಂತಾಯಿತೆ? ಅಂದಿನಿಂದ ನನ್ನನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ನನ್ನ ಅಲ್ಪಮತಿಗೆ ಎಟುಕಿದಷ್ಟು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾಯಿತು. ಎರಡೇ ವರ್ಷಗಳ ಬಳಿಕ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡರಷ್ಟೂ ಹಿಂದುಳಿದವರಿಗೆ ದೊರೆಯಬೇಕೆಂದು ಅದು 1919ರಲ್ಲಿ ಸಲಹೆಮಾಡಿತು. ಆದರೆ ಓದದವನಿಗೆ ಹುದ್ದೆ ಮೀಸಲಿಟ್ಟು ಫಲವೇನು? ಆದುದರಿಂದ ನೌಕರಿಯ ಪ್ರಶ್ನೆ ವಿದ್ಯೆಯ ಪ್ರಶ್ನೆಯೂ ಆಯಿತು.

ಸ್ವಾತಂತ್ರ್ಯಾನಂತರ, 1951ರ ಮೊದಲನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 15(4)ನೆಯ ವಿಧಿ ಸೇರಿತು. ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಸೌಕರ್ಯ ಕಲ್ಪಿಸಲು ಇದು ಸರ್ಕಾರಕ್ಕೆ ಅಧಿಕಾರವಿತ್ತಿತು. ಮೈಸೂರು ಸರ್ಕಾರವು ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡ 68ರಷ್ಟು ಸ್ಥಾನಗಳನ್ನು ಮೀಸಲಿಟ್ಟಾಗ, 1962ರ ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಜಾತಿಯೊಂದೇ ಅಳತೆಗೋಲಾಗಬಾರದು, ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬುದು ತೀರ್ಪಿನ ಸಾರ.

ಇಷ್ಟು ಬಾಗಿಲಿನ ಮಾತು. ಒಳಗೆ ಬಂದವರ ಗತಿಯೇನು?

ನನ್ನ ಸಹಪಾಠಿಯೊಬ್ಬಳು ನಮ್ಮ ತರಗತಿಯಲ್ಲಿ ಇತಿಹಾಸದಲ್ಲಿ ಮೊದಲಿಗಳಾಗಿದ್ದಳು. ಅವಳ ಊರಿಗೆ ಕಡೆಯ ಬಸ್ಸು ಸಂಜೆ ನಾಲ್ಕೂವರೆಗೆ. ತರಗತಿ ಮುಗಿಯುವುದು ಐದಕ್ಕೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಬೇಡ, ನಿಜ; ಆದರೆ ಬಸ್ಸೇ ಇಲ್ಲದ ಮೇಲೆ? ಎರಡನೆಯ ವರ್ಷದ ನಡುವೆ ಅವಳು ಓದು ಬಿಟ್ಟಳು. ಕೆಲವು ದಿನ ಅವಳ ಜಾಗ ಖಾಲಿ ಇತ್ತು. ಅನಂತರ ನಾವೇ ಸರಿದು ಕೂತೆವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಇನ್ನೊಬ್ಬ ಗೆಳೆಯನಿಗೆ ದೃಷ್ಟಿಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸರ್ಕಾರಿ ಹಾಗೂ ಅನುದಾನಿತ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಅಂಥವರಿಗೆ ಶೇಕಡ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಕಾಯ್ದಿರಿಸಿದೆ. ಸ್ಥಾನವೇನೋ ಸಿಕ್ಕಿತು, ಪುಸ್ತಕವನ್ನು ಓದಿ ಹೇಳುವವರಾರು? ದಿನಕ್ಕೊಂದು ಗಂಟೆ ನಾನು ಓದತೊಡಗಿದೆ. ಅವನು ನಡುನಡುವೆ ಕೇಳುವ ಪ್ರಶ್ನೆಗಳಿಂದ ಅರ್ಥಶಾಸ್ತ್ರ ನನಗೇ ಚೆನ್ನಾಗಿ ತಿಳಿಯಿತು. ಉಪಕಾರ ಮಾಡಿದವನು ನಾನೋ ಅವನೋ ಹೇಳಲಾರೆ.

ಇಂಥ ನೆರವುಗಳಿಂದ ಯೋಗ್ಯತೆಗೆ ಕುಂದು ಬರುತ್ತದೆಂದು ಕೆಲವರು ವಾದಿಸುವುದುಂಟು. ಯೋಗ್ಯತೆ ಬೇಕು, ಸಂದೇಹವಿಲ್ಲ. ಆದರೆ ಆ ಸಹಪಾಠಿ ಬಿಟ್ಟುಹೋದದ್ದು ಯೋಗ್ಯತೆಯಿಲ್ಲದೆ ಅಲ್ಲ. ಅಖಿಲ ಭಾರತ ಉಚ್ಚ ಶಿಕ್ಷಣ ಸಮೀಕ್ಷೆಯಂತೆ 2021-22ರಲ್ಲಿ 18ರಿಂದ 23ರ ವಯೋಮಾನಕ್ಕೆ ಲೆಕ್ಕಹಾಕಿದ ಒಟ್ಟು ದಾಖಲಾತಿ ಪ್ರಮಾಣ ಶೇಕಡ 28.4 ಮಾತ್ರ. ಹೊರಗುಳಿದವರಲ್ಲಿ ಯೋಗ್ಯರೇ ಇಲ್ಲವೆಂದು ಯಾರು ಹೇಳಬಲ್ಲರು?

ಕಾಯಿದೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಇಷ್ಟು: ವಿದ್ಯಾರ್ಥಿ ಸಂಘವು ಬಸ್ಸಿನ ವೇಳೆಯ ಬಗ್ಗೆ ಡಿಪೋಗೆ ಅರ್ಜಿ ಸಲ್ಲಿಸಲಿ, ಅಂತಿಮ ವರ್ಷದವರು ಹೊಸಬರಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡಲಿ, ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಓದಿ ಹೇಳುವ ವೇಳೆಯೊಂದು ಇರಲಿ. ಪೂಜ್ಯ ಅಧ್ಯಾಪಕರಲ್ಲಿ ನನ್ನ ವಿನಂತಿಯೂ ಒಂದಿದೆ: ಎರಡು ದಿನ ಯಾರಾದರೂ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದ ಮೇಲೆ, ಏಕೆ ಬರಲಿಲ್ಲವೆಂದು ಒಮ್ಮೆ ವಿಚಾರಿಸಬೇಕು. ನಾವೂ ವಿಚಾರಿಸುತ್ತೇವೆ.