ಕಾಗೆ ಕೂತದ್ದು, ಕೊಂಬೆ ಮುರಿದದ್ದು: ಬ್ರೌಸರ್ ಅಪ್‌ಡೇಟ್ ನೆಪದಲ್ಲಿ ಒಂದು ಪಾಠ

ತರಗತಿ: 9. ವಿಷಯ: ವಿಜ್ಞಾನ. ಅವಧಿ: ಜೋಡಿ ಅವಧಿ, 80 ನಿಮಿಷ.
ಕಲಿಕಾಂಶ: ಕಾರಣವನ್ನು ಪರೀಕ್ಷಿಸುವ ಬಗೆ.

ಹಿನ್ನೆಲೆ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ನನ್ನ ಪ್ರಾಯೋಗಿಕ ಬೋಧನೆಯ ಮೂರನೆಯ ವಾರ. ಪ್ರೊಜೆಕ್ಟರ್‌ಗೆ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಹತ್ತು ನಿಮಿಷ ಓಡುವಷ್ಟರಲ್ಲಿ ತಡವರಿಸುತ್ತಿತ್ತು, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು. ಹಿಂದಿನ ವಾರ ಬ್ರೌಸರ್ ಅಪ್‌ಡೇಟ್ ಆಗಿತ್ತು. "ಅದಕ್ಕೇ ಹೀಗಾಗಿದೆ" ಎಂದು ತರಗತಿಯಲ್ಲಿ ಹೇಳಿಯೂಬಿಟ್ಟೆ. ಇನ್ನು ಮುಂದೆ ಅಪ್‌ಡೇಟ್ ಆಗದಂತೆ ನಿಲ್ಲಿಸಿಬಿಡೋಣವೇ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. ಅವರು, "ಅದೇ ಕಾರಣ ಅಂತ ಹೇಗೆ ಗೊತ್ತಾಯ್ತಮ್ಮ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಪಾಠವಾಗಿಸಿದೆ.

ಉದ್ದೇಶಗಳು

1. ಒಂದರ ನಂತರ ಇನ್ನೊಂದು ನಡೆಯುವುದಕ್ಕೂ ಒಂದರಿಂದ ಇನ್ನೊಂದು ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು.
2. ಒಂದು ಬಾರಿಗೆ ಒಂದೇ ಚರಾಂಶವನ್ನು ಬದಲಿಸಿ ಪ್ರಾಕ್ಕಲ್ಪನೆಯನ್ನು ಪರೀಕ್ಷಿಸುವುದು.

ಪಾಠದ ಬೆಳವಣಿಗೆ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯಿಂದ ಆರಂಭಿಸಿದೆ. ನಂತರ ಒಂದು ಸಂಗತಿ ಹೇಳಿದೆ: ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳ ನಡುವಿನ ಅಂತರ 2021ರಲ್ಲಿ ಆರು ವಾರದಿಂದ ನಾಲ್ಕು ವಾರಕ್ಕೆ ಇಳಿಯಿತು. ಹಾಗಾದರೆ ಲ್ಯಾಪ್‌ಟಾಪ್ ಯಾವ ದಿನ ಕೈಕೊಟ್ಟರೂ ಅದರ ಹಿಂದಿನ ಒಂದು ತಿಂಗಳಲ್ಲಿ ಅಪ್‌ಡೇಟ್ ಆಗಿರುವ ಸಂಭವವೇ ಹೆಚ್ಚು. ಈ ಕಾಗೆ ಸದಾ ಕೊಂಬೆಯ ಮೇಲೇ ಇರುತ್ತದೆ!

"ಅಪ್‌ಡೇಟ್ ಆದ ವಾರ ಬೇರೇನು ಬದಲಾಯಿತು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಪೋಷಕರ ಸಭೆಗೆ ಅಂತ ಟೇಬಲ್‌ಗೆ ಆ ದಪ್ಪ ಬಟ್ಟೆ ಹಾಕಿದ್ದೂ ಆಗಲೇ ಅಲ್ವಾ?" ಎಂದಳು. ಈಗ ನಮ್ಮ ಮುಂದೆ ಎರಡು ಪ್ರಾಕ್ಕಲ್ಪನೆಗಳಿದ್ದವು.

ಪೆನ್‌ಡ್ರೈವ್‌ನಲ್ಲಿದ್ದ ಒಂದೇ ವಿಡಿಯೊವನ್ನು ಮೂರು ಬಾರಿ ಓಡಿಸಿದೆವು. ಪ್ರತಿ ಬಾರಿಯೂ ಮೊದಲು ಲ್ಯಾಪ್‌ಟಾಪ್ ತಣ್ಣಗಾಗಲು ಬಿಟ್ಟೆವು.

ಪರೀಕ್ಷೆ 1: ಬಟ್ಟೆಯ ಮೇಲೆ, ಬ್ರೌಸರ್ ಮುಚ್ಚಿ, ವಿಡಿಯೊ ಪ್ಲೇಯರ್‌ನಲ್ಲಿ. ಫಲಿತಾಂಶ: ತಡವರಿಸಿತು.
ಪರೀಕ್ಷೆ 2: ಬಟ್ಟೆ ತೆಗೆದು ಬರಿಯ ಮರದ ಮೇಜಿನ ಮೇಲೆ, ಅಪ್‌ಡೇಟ್ ಆದ ಬ್ರೌಸರ್‌ನಲ್ಲೇ. ಫಲಿತಾಂಶ: 15 ನಿಮಿಷ ಸರಾಗವಾಗಿ ಓಡಿತು.
ಪರೀಕ್ಷೆ 3: ಮತ್ತೆ ಬಟ್ಟೆ ಹಾಸಿ, ಅದೇ ಬ್ರೌಸರ್‌ನಲ್ಲಿ. ಫಲಿತಾಂಶ: ತಡವರಿಸಿತು.

ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳ ನಡುವೆ ಬದಲಾದದ್ದು ಬಟ್ಟೆ ಮಾತ್ರ ಎಂಬುದನ್ನು ಮಕ್ಕಳೇ ಹೇಳಿದರು. ಲ್ಯಾಪ್‌ಟಾಪ್‌ನ ತಳದಲ್ಲಿರುವ ಗಾಳಿಕಿಂಡಿ ಮುಚ್ಚಿಹೋದರೆ ಬಿಸಿ ಹೊರಹೋಗದು. ಆಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಫ್ಯಾನಿನ ಸದ್ದು, ವಿಡಿಯೊದ ತಡವರಿಕೆ ಎರಡಕ್ಕೂ ಇದೇ ವಿವರಣೆ ಎಂದು ತಿಳಿಸಿದೆ.

ವಿಸ್ತರಣೆ

"ಹಾಗಾದ್ರೆ ಅಪ್‌ಡೇಟ್‌ನಿಂದ ಯಾವತ್ತೂ ತೊಂದರೆ ಇಲ್ವಾ ಮಿಸ್?" ಎಂಬ ಪ್ರಶ್ನೆ ಬಂತು. ಇರಬಹುದು. ಬ್ರೌಸರ್‌ಗೆ ಸೇರಿಸಿದ ಎಕ್ಸ್‌ಟೆನ್ಶನ್ ಅಥವಾ ಹಳೆಯ ಡ್ರೈವರ್ ಹೊಸ ಆವೃತ್ತಿಗೆ ಹೊಂದದೇ ಹೋಗಬಹುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ ಕೂಡ 2023ರಲ್ಲಿ 109ನೆಯ ಆವೃತ್ತಿಯೊಂದಿಗೆ ಅದನ್ನು ಕೈಬಿಟ್ಟಿತು. ಅಂಥ ಕಂಪ್ಯೂಟರ್‌ನಲ್ಲಿ ಅಪಾಯ ಬರುವುದು ಅಪ್‌ಡೇಟ್ ಸಿಗದಿರುವುದರಿಂದ, ಏಕೆಂದರೆ ಭದ್ರತೆಯ ತಿದ್ದುಪಡಿಗಳು ಅದರಲ್ಲೇ ಬರುತ್ತವೆ. ನನ್ನ ಮಾತು ನಡೆದಿದ್ದರೆ ಶಾಲೆಯ ಲ್ಯಾಪ್‌ಟಾಪ್ ಆ ರಕ್ಷಣೆಯನ್ನೂ ಕಳೆದುಕೊಳ್ಳುತ್ತಿತ್ತು, ಬಿಸಿಯೂ ಹಾಗೆಯೇ ಉಳಿಯುತ್ತಿತ್ತು.

ಮೌಲ್ಯಮಾಪನ

ಪ್ರಶ್ನೆ: "ಏಪ್ರಿಲ್‌ನಲ್ಲಿ ಹೊಸ ಬಲ್ಬ್ ಹಾಕಿದೆವು, ಆ ತಿಂಗಳೇ ಕರೆಂಟ್ ಬಿಲ್ ಹೆಚ್ಚಾಯಿತು. ಬಲ್ಬೇ ಕಾರಣವೆ?" ಬೇಸಿಗೆಯಲ್ಲಿ ಫ್ಯಾನ್ ಬಳಕೆ ಹೆಚ್ಚುತ್ತದೆ ಎಂದು ಹಲವರು ಬರೆದರು. ಬಲ್ಬ್ ಮೇಲೆ ನಮೂದಿಸಿದ ವಾಟ್ ನೋಡಬೇಕೆಂದವರು ಕೆಲವರೇ. ಪರೀಕ್ಷೆಯನ್ನು ತಾವೇ ರೂಪಿಸಲು ಇನ್ನಷ್ಟು ಅಭ್ಯಾಸ ಬೇಕು.

ಆತ್ಮಾವಲೋಕನ

ಪರೀಕ್ಷೆಗೆ ಮೊದಲು ಮಕ್ಕಳಿಂದ ಅವರವರ ಊಹೆಯನ್ನು ಬರೆಸಿರಲಿಲ್ಲ. ಫಲಿತಾಂಶ ಬಂದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎಂದವರೇ ಹೆಚ್ಚು. ಮುಂದಿನ ಬಾರಿ ಇದನ್ನು ತಿದ್ದಿಕೊಳ್ಳುವೆ. "ಹೋದ ವಾರ ನಾನು ಹೇಳಿದ್ದು ತಪ್ಪು" ಎಂದು ತರಗತಿಯ ಮುಂದೆ ನಿಂತು ಹೇಳುವಾಗ ಅಳುಕಿತ್ತು. ಮಕ್ಕಳು ನಗಲಿಲ್ಲ. ಮರುದಿನ ತರಗತಿಗೆ ಹೋದಾಗ ಬಟ್ಟೆಯನ್ನು ಯಾರೋ ಮಡಿಚಿ ಕಪಾಟಿನಲ್ಲಿ ಇಟ್ಟಿದ್ದರು.