ಎಲೆಯ ಅಂಗಗಳೂ ಅವುಗಳ ಕಾರ್ಯಗಳೂ: ಕಾಫಿ ಎಲೆಯ ದೃಷ್ಟಾಂತ

ಬೇರು ನೆಲದಿಂದ ನೀರನ್ನೂ ಲವಣಗಳನ್ನೂ ಹೀರಿಕೊಡುವುದೆಂಬುದನ್ನು ಹಿಡುವಳಿದಾರರೆಲ್ಲರೂ ಬಲ್ಲರು. ಆದರೆ ಗಿಡದ ಅಡಿಗೆಮನೆಯು ಎಲೆಯೇ ಆಗಿರುವುದು. ಎಲೆಯ ಅಂಗಗಳನ್ನು ಅರಿತವನಿಗೆ ರೋಗವು ಹೊಕ್ಕುವ ದಾರಿಯೂ ತಿಳಿಯುವುದು. ಕಾಫಿಯ ಎಲೆಯೊಂದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸತಕ್ಕದ್ದು.

೧. ತೊಟ್ಟು.— ಇದು ಎಲೆಯನ್ನು ರೆಂಬೆಗೆ ಸೇರಿಸಿ ಬಿಸಿಲಿಗೆ ಒಡ್ಡಿ ಹಿಡಿಯುವುದು. ಭತ್ತ, ರಾಗಿಗಳಲ್ಲಿ ತೊಟ್ಟು ಇಲ್ಲ. ಎಲೆಯ ಬುಡವೇ ಒರೆಯಂತೆ ದಂಟನ್ನು ಸುತ್ತಿಕೊಂಡಿರುವುದು.

೨. ನರಗಳು.— ನಡುನರವೂ ಅದರ ಕವಲುಗಳೂ ಗದ್ದೆಯ ಕಾಲುವೆಗಳಂತೆ ನೀರನ್ನು ಎಲ್ಲೆಡೆಗೂ ಒಯ್ಯುವುವು. ಸಿದ್ಧವಾದ ಆಹಾರವನ್ನು ಹೊರಗೆ ಸಾಗಿಸುವುವು. ಎಲೆ ಮುದುರದಂತೆಯೂ ಕಾಯುವುವು.

೩. ಎಲೆಯ ಹರವು.— ಇದರ ಮೇಲಿನ ಮೇಣದಂಥ ಪೊರೆಯು ನೀರು ಆರಿಹೋಗುವುದನ್ನು ತಡೆಯುವುದು. ಒಳಗಿರುವ ಪತ್ರಹರಿತ್ತೆಂಬ ಹಸುರು ದ್ರವ್ಯವು ಬಿಸಿಲಿನ ಬಲದಿಂದ ನೀರನ್ನೂ ಗಾಳಿಯಲ್ಲಿನ ಇಂಗಾಲಾಮ್ಲವಾಯುವನ್ನೂ ಕೂಡಿಸಿ ಸಕ್ಕರೆಯನ್ನು ಮಾಡುವುದು. ಬೇರು, ರೆಂಬೆ, ಕಾಯಿಗಳೆಲ್ಲವೂ ಈ ಸಕ್ಕರೆಯಿಂದಲೇ ಬೆಳೆಯುವುವು.

೪. ಪತ್ರರಂಧ್ರಗಳು.— ಇವು ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ಬಾಯಿಗಳು. ಇವುಗಳ ಮೂಲಕ ವಾಯುವು ಒಳಬರುವುದು, ನೀರಿನ ಆವಿಯು ಹೊರಹೋಗುವುದು. ನೀರು ಸಾಲದಾದಾಗ ಇವು ಮುಚ್ಚಿಕೊಳ್ಳುವುವು. ಕಾಫಿ ಎಲೆಯಲ್ಲಿ ಇವು ಕೆಳಮೈಯಲ್ಲಿ ಮಾತ್ರ ಇರುವುದು ಮುಖ್ಯವಾದ ವಿಷಯ.

ಎಲೆತುಕ್ಕು ರೋಗ.— ೧೮೬೯ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ತೋಟಗಳನ್ನು ಹಾಳುಮಾಡಿದ ಬೂಷ್ಟು ರೋಗವಿದು. ಇದರ ಕಣಗಳು ಒದ್ದೆಯಾದ ಎಲೆಯ ಮೇಲೆ ಮೊಳೆತು ಈ ರಂಧ್ರಗಳಿಂದಲೇ ಒಳಹೊಕ್ಕು ಗಿಡದ ಆಹಾರವನ್ನು ಕಸಿಯುವುವು. ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುವುದು. ಎಲೆ ಉದುರಿದರೆ ಅಡಿಗೆಮನೆಯೇ ಹೋದಂತೆ; ಕಾಯಿ ತುಂಬದು, ರೆಂಬೆ ಒಣಗುವುದು, ಮುಂದಿನ ವರ್ಷದ ಫಸಲೂ ಕುಗ್ಗುವುದು. ಅರಾಬಿಕಾ ಜಾತಿಗೆ ಈ ಬಾಧೆ ಹೆಚ್ಚು.

ನಿವಾರಣೋಪಾಯ.— ಅರ್ಧ ಕಿಲೋ ಮೈಲುತುತ್ತವನ್ನು ೫೦ ಲೀಟರ್ ನೀರಿನಲ್ಲಿಯೂ, ಅರ್ಧ ಕಿಲೋ ಒಳ್ಳೆಯ ಸುಣ್ಣವನ್ನು ಇನ್ನು ೫೦ ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸತಕ್ಕದ್ದು. ಇದೇ ಬೋರ್ಡೋ ದ್ರಾವಣ. ಮಾಡಿದ ದಿನವೇ ಬಳಸಬೇಕು. ಮುಂಗಾರಿಗೆ ಮುಂಚೆಯೂ ಮಳೆಗಾಲವು ಹಿಂದಾದ ಮೇಲೆಯೂ ಎಲೆಯ ಕೆಳಮೈ ತೋಯುವಂತೆ ಸಿಂಪಡಿಸತಕ್ಕದ್ದು. ಮೇಲ್ಮೈಯನ್ನು ಮಾತ್ರ ತೋಯಿಸಿದರೆ ಖರ್ಚೇ ಹೊರತು ಫಲವಿಲ್ಲ. ಹೊಕ್ಕ ಬೂಷ್ಟನ್ನು ಈ ಔಷಧವು ಹೊರಡಿಸಲಾರದು. ಹೊಕ್ಕದಂತೆ ಬಾಗಿಲು ಕಾಯುವುದು.

ರೋಗದ ಪುಡಿಯು ಗಾಳಿಯಲ್ಲಿ ತೋಟದಿಂದ ತೋಟಕ್ಕೆ ಹಾರುವುದಾದ್ದರಿಂದ ಒಬ್ಬನ ಜಾಗ್ರತೆ ಸಾಲದು. ಊರಿನ ಮುಖಂಡರು ರೋಗ ತಗುಲಿದ ಎಲೆಯೊಂದನ್ನು ತಿರುವಿ ಹಿಡಿದು ಎಲ್ಲರಿಗೂ ತೋರಿಸಿ, ಎಲ್ಲರೂ ಒಂದೇ ಕಾಲದಲ್ಲಿ ಔಷಧ ಸಿಂಪಡಿಸುವಂತೆ ಮಾಡುವುದು ಯುಕ್ತವು.