ಗಡಿನಾಡಿನಲ್ಲಿ ಕಲಾ ಸಂಘ ನಡೆಸುವವರಿಗೆ

ಆಂಧ್ರದ ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡ ಮಂಡಲಗಳಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಕಚೇರಿಯ ಮಾತು ತೆಲುಗು. ರಾಯದುರ್ಗದ ಕಡೆ ಡಿ. ಹಿರೇಹಾಳ್, ಬೊಮ್ಮನಹಾಳ್‌ನಲ್ಲೂ ಹಾಗೆಯೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು. ಈ ಊರುಗಳ ನಾಟಕ, ಭಜನೆ, ಕೋಲಾಟದ ಸಂಘಗಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆದು ಕಲಿತದ್ದನ್ನು ಹೊಸದಾಗಿ ಸಂಘ ಕಟ್ಟುವ ಹುಡುಗರಿಗಾಗಿ ಬರೆದಿದ್ದೇನೆ.

1. ಮೊದಲು ಜಾಗ ಕೇಳಿ, ದುಡ್ಡನ್ನಲ್ಲ.

ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡುವವರು ಸರ್ಕಾರದ ದುಡ್ಡಿಗೆ ಕಾಯುವುದಿಲ್ಲ. ದುರ್ಯೋಧನ, ಕೃಷ್ಣನ ಪಾತ್ರ ಹಿಡಿದವರು ಹೆಚ್ಚು ಹಾಕುತ್ತಾರೆ, ಸಣ್ಣ ಪಾತ್ರದವರು ಕೈಲಾದಷ್ಟು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ ಆಗುತ್ತದೆ. ಇಲ್ಲದ್ದು ತಾಲೀಮಿಗೆ ಸೂರು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಂದಪದ್ಯ ಹಾಡಿಸಲು ಯಾರ ಮನೆಯ ಪಡಸಾಲೆ ಸಿಕ್ಕೀತು? ಪಂಚಾಯಿತಿಯ ಸಮುದಾಯ ಭವನ ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದರ ಬೀಗದ ಕೈ, ಎರಡು ಬಲ್ಬು, ಕುಡಿಯುವ ನೀರು ಸಿಕ್ಕರೆ ಸಂಘ ವರ್ಷವಿಡೀ ಬದುಕುತ್ತದೆ.

ಇದನ್ನು ಉಪಕಾರವೆಂದು ಕೇಳಬೇಡಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಸಾಂಸ್ಕೃತಿಕ ಚಟುವಟಿಕೆ, ಗ್ರಂಥಾಲಯ, ಸಂತೆ-ಜಾತ್ರೆ ಮೂರೂ ಅದರಲ್ಲಿವೆ. ರಾಯದುರ್ಗದಂಥ ಪುರಸಭೆಗಳಿಗೆ 12ನೇ ಅನುಸೂಚಿಯಿದೆ. ಸರ್ಪಂಚರು ಬಾಯಲ್ಲಿ "ಆಯ್ತು ಬಿಡ್ರಪ್ಪ, ಆಡ್ಕಳಿ" ಅಂದರೆ ಸಾಲದು. ಗ್ರಾಮಸಭೆಯಲ್ಲಿ ತೀರ್ಮಾನ ಬರೆಸಿ, ನಕಲು ತೆಗೆದಿಟ್ಟುಕೊಳ್ಳಿ. ಚುನಾವಣೆಯಲ್ಲಿ ಸರ್ಪಂಚರು ಬದಲಾದರೂ ಆ ಕಾಗದ ನಿಮ್ಮ ಕೈಯಲ್ಲಿರುತ್ತದೆ.

2. ಅರ್ಜಿ ತೆಲುಗಿನಲ್ಲೇ ಕೊಡಿ.

ಕನ್ನಡದ ಅಭಿಮಾನವನ್ನು ರಂಗದ ಮೇಲೆ ತೋರಿಸೋಣ. ಊರಿನ ಸರ್ಕಾರಿ ಕಚೇರಿಯ ಸಿಬ್ಬಂದಿಗೆ ಓದಲು ಬಾರದ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಇನ್ನೊಂದು ಮಾತು: 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದ ಮೇಲೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಮಡಕಶಿರಾದವರು ಪುಟ್ಟಪರ್ತಿಗೆ, ರಾಯದುರ್ಗದವರು ಅನಂತಪುರಕ್ಕೆ ಹೋಗಬೇಕು. ಎರಡೂ ಕಡೆಯ ಕಲಾವಿದರ ಪಟ್ಟಿಯನ್ನು ಒಂದೇ ಕಾಗದದಲ್ಲಿ ಕೊಟ್ಟರೆ ಎರಡೂ ಜಿಲ್ಲೆಯವರು ಅದನ್ನು ತಮ್ಮದಲ್ಲ ಎನ್ನುತ್ತಾರೆ.

3. ಬೆಂಗಳೂರಿನ ಧನಸಹಾಯಕ್ಕೆ ಕಡತ ಮೊದಲೇ ಸಿದ್ಧವಿರಲಿ.

ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ, 2010ರ ಕಾಯ್ದೆಯಿಂದ ಹುಟ್ಟಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಹೊರನಾಡಿನ ಕನ್ನಡ ಸಂಘಗಳಿಗೆ ನೆರವಾಗುತ್ತವೆ. ಆದರೆ ನಮ್ಮ ಸಂಘ ನೋಂದಣಿಯಾಗುವುದು ಆಂಧ್ರದ 2001ರ ಸಂಘಗಳ ನೋಂದಣಿ ಕಾಯ್ದೆಯಡಿ, ಕನಿಷ್ಠ ಏಳು ಸದಸ್ಯರೊಂದಿಗೆ; ಬೈಲಾ ತೆಲುಗಿನಲ್ಲಿರುತ್ತದೆ. ಒಂದು ಕಚೇರಿಯಲ್ಲಿ ಕಡತ ತಿರುವಿದವರು "ನಿಮ್ದು ಯಾವ ಸ್ಟೇಟು?" ಎಂದು ಕೇಳಿ ಹಾಗೆಯೇ ವಾಪಸು ಕೊಟ್ಟರು. ಅಲ್ಲಿಂದ ಮುಂದೆ ಬೈಲಾದ ಕನ್ನಡ ಅನುವಾದವನ್ನು ನೋಟರಿ ಮಾಡಿಸಿಯೇ ಇಡುತ್ತೇವೆ. ಸೀನರಿಯವರು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೀಚಿಕೊಟ್ಟ ಲೆಕ್ಕವನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ; ಹೆಸರು, ತಾರೀಖು, ಸಹಿಯಿರುವ ರಸೀದಿಯನ್ನು ಆಟದ ರಾತ್ರಿಯೇ ಪಡೆಯಿರಿ. ಬ್ಯಾನರಿನಲ್ಲಿ ತಾರೀಖು ಕಾಣುವಂತೆ ಫೋಟೋ ತೆಗೆಸಿ.

4. ಮೈಕಿನ ಹೊತ್ತು ನೋಡಿಕೊಳ್ಳಿ.

ನಮ್ಮ ನಾಟಕ ಊಟವಾದ ಮೇಲೆ ಶುರುವಾಗಿ ಬೆಳಗಾಗುವವರೆಗೆ ನಡೆಯುವಂಥದ್ದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಯುದ್ಧದ ಸೀನಿಗೆ ಪೊಲೀಸರು ಬಂದು ಮೈಕ್ ಆರಿಸಿದರೆ ಭೀಮನ ಪಾತ್ರಧಾರಿಯ ಸಂಕಟ ನೋಡಲಾಗುವುದಿಲ್ಲ. ಭಾನುವಾರ ಮಧ್ಯಾಹ್ನವೇ ಗಣಪತಿ ಪೂಜೆ ಮಾಡಿ ಆಟ ಶುರು ಮಾಡಿ. ಹಿರಿಯರು ಗೊಣಗುತ್ತಾರೆ, ಆದರೂ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು ಕೊನೆಯವರೆಗೂ ಕೂತು ನೋಡುತ್ತಾರೆ. ಅದು ನನಗೆ ದೊಡ್ಡ ಲಾಭವಾಗಿ ಕಂಡಿದೆ.

5. ಹೇಮಾವತಿಯ ಗುಡಿಯ ಮುಂದೆ ರಂಗಮಂದಿರ ಕೇಳಬೇಡಿ.

ಅಮರಾಪುರ ಮಂಡಲದ ಹೇಮಾವತಿಯೇ ನೊಳಂಬ ಅರಸರ ರಾಜಧಾನಿ ಹೆಂಜೇರು. ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳು, ಕನ್ನಡ ಶಾಸನಗಳು ಅಲ್ಲಿವೆ. ಕೆತ್ತನೆಯ ಕೆಲವು ಕಂಬಗಳು ಮದ್ರಾಸಿನ ಮ್ಯೂಸಿಯಂ ಸೇರಿವೆ. ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು, ಗುಡಿಯ ಎದುರೇ ಕನ್ನಡ ಭವನವಾಗಲಿ ಎನ್ನುತ್ತಾರೆ. ಆದರೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಆವರಣದೊಳಗೆ ಸಭೆ, ಕಾರ್ಯಕ್ರಮಕ್ಕೂ ಮುಂಚಿತವಾಗಿ ಬರೆದು ಕೇಳಬೇಕು. ಈ ನಿಯಮ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಭವನ ಊರಾಚೆ ಇದ್ದರೂ ನಡೆಯುತ್ತದೆ. ಹೆಂಜೇರಿನ ಕಲ್ಲು ಒಡೆದರೆ ಮತ್ತೆ ಬರುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಶಾಸನದ ಒಂದೊಂದೇ ಅಕ್ಷರ ಗುರುತಿಸಲು ಕಲಿಸಿ. ಅದಕ್ಕೆ ಕಟ್ಟಡ ಬೇಕಾಗಿಲ್ಲ.

6. ತೆಲುಗು ಲಿಪಿಯಲ್ಲಿ ಬರೆದುಕೊಂಡರೆ ಬೈಯಬೇಡಿ.

ತೆಲುಗು ಮಾಧ್ಯಮದಲ್ಲಿ ಓದಿದ ಹುಡುಗ ಅಭಿಮನ್ಯುವಿನ ಕನ್ನಡ ಮಾತುಗಳನ್ನು ತೆಲುಗು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾನೆ. ಉಚ್ಚಾರ ಶುದ್ಧವಾಗಿರುತ್ತದೆ. ತಾಡಿಪತ್ರಿಯಲ್ಲಿ ಹುಟ್ಟಿದ ನಟ ಬಳ್ಳಾರಿ ರಾಘವರು ಎರಡೂ ಭಾಷೆಯ ರಂಗಭೂಮಿಗೆ ಸೇರಿದವರು; ಈ ಸೀಮೆಯ ರಂಗಕ್ಕೆ ಎರಡು ನಾಲಿಗೆ ಹೊಸದಲ್ಲ. ಮೊದಲು ಪಾತ್ರ ಕೊಡಿ. ಆಮೇಲೆ ತಾಲೀಮಿನ ನಡುವೆ ಅರ್ಧ ಗಂಟೆ ಕನ್ನಡ ಅಕ್ಷರ ಕಲಿಸಿ.

7. ಗ್ರಂಥಾಲಯದ ಕರ ನೀವೂ ಕಟ್ಟುತ್ತೀರಿ.

ಆಂಧ್ರದಲ್ಲಿ ಮನೆ ಕಂದಾಯದ ಪ್ರತಿ ರೂಪಾಯಿಗೆ 8 ಪೈಸೆ ಗ್ರಂಥಾಲಯ ಕರ ಸೇರಿ ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ ಹೋಗಬೇಕು. ಆದ್ದರಿಂದ ಶಾಖಾ ಗ್ರಂಥಾಲಯಕ್ಕೆ ಒಂದು ಕನ್ನಡ ದಿನಪತ್ರಿಕೆ, ಒಂದು ಕಪಾಟು ನಾಟಕದ ಪುಸ್ತಕ ಕೇಳುವ ಹಕ್ಕು ನಮಗಿದೆ. ಅರ್ಜಿಯ ಜೊತೆ ಓದುಗರ ಸಹಿಗಳನ್ನೂ, ಅವರ ಮನೆ ಕಂದಾಯದ ರಸೀದಿಯ ನಕಲುಗಳನ್ನೂ ಲಗತ್ತಿಸಿ.